ಅಪ್‌ಡೇಟ್: 1942ರ ಲಿತ್‌ಗೋ ರೈಫಲ್‌ಗೆ ಬೆಲ್ಟ್, ಬಯೊನೆಟ್ ಕೂತವು

ಹೋದ ತಿಂಗಳು ಕೇಳಿದ್ದೆ: ಆಸ್ಟ್ರೇಲಿಯಾದ ಲಿತ್‌ಗೋ ಕಾರ್ಖಾನೆಯ ನಂ. 1 ಮಾರ್ಕ್ 3* ಲೀ-ಎನ್‌ಫೀಲ್ಡ್ (ಬ್ರಿಟಿಷ್ ಸೇನೆಯ ಹಳೆ ರೈಫಲ್) ಇದೆ, ಅದರ ಕಾಲದ ಸಾಮಾನುಗಳನ್ನೇ ಹಾಕಬೇಕು, ಏನೇನು ಹೊಂದುತ್ತೆ ಅಂತ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಮೊದಲು ನನ್ನ ಪೆದ್ದುತನ. ಅವಸರಪಟ್ಟು ತಂದ ಬಯೊನೆಟ್ (ನಳಿಗೆಯ ತುದಿಗೆ ಸಿಕ್ಕಿಸೋ ಚೂರಿ) ಮೊಳೆಯ ಹಾಗಿತ್ತು. ಅದು ನಂ. 4 ರೈಫಲ್‌ನದು, ಇದಕ್ಕೆ ಕೂರಲೇ ಇಲ್ಲ! ವಾಪಸ್ ಕೊಟ್ಟು 1907ರ ಮಾದರಿಯದು ತಂದೆ. ಅಲಗೇ 17 ಇಂಚು. ರೈಫಲ್ ಖಾಲಿ ಇದೆಯಾ ಅಂತ ಎರಡು ಸಲ ನೋಡಿ ಜೋಡಿಸಿದೆ. ಬಯೊನೆಟ್‌ನ ಉಂಗುರ ನಳಿಗೆಯ ಬಾಯಿಯ ಕೆಳಗಿನ ಗುಬುಟಿಗೆ ಸಿಕ್ಕಿತು, ಹಿಡಿಯ ತುದಿಯ ಸೀಳು ಹಿಂದಿನ ಪಟ್ಟಿಗೆ ಜಾರಿತು, ಟಕ್ ಅಂತ ಕೂತಿತು. ಒಂದಿಷ್ಟೂ ಅಲುಗಾಡಲ್ಲ.

ರೈಫಲನ್ನು ಹೆಗಲಿಗೆ ಹಾಕೋ ಬೆಲ್ಟ್ ದಪ್ಪ ನೇಯ್ಗೆಯದು, ಎರಡೂ ತುದಿಗೆ ಹಿತ್ತಾಳೆ. ಹೊಸದಾಗಿ ಬಿಗಿಯಾಗಿದ್ದರಿಂದ ಕೊಂಡಿಯೊಳಗೆ ತೂರಿಸೋಕೆ ಅರ್ಧ ಗಂಟೆ ಹಿಡಿಯಿತು.

ರೈಫಲ್‌ನ ಹಿಂಬದಿಯ ಹಿತ್ತಾಳೆ ಮುಚ್ಚಳ ತೆಗೆದರೆ ಗೂಡು ಖಾಲಿ. ಈಗ ಅಲ್ಲಿ ಹಿತ್ತಾಳೆಯ ಎಣ್ಣೆ ಬಾಟಲಿ, ನಳಿಗೆ ಒರೆಸೋ ದಾರ ಎರಡೂ ಇವೆ. ಬಾಟಲಿ ಕಪ್ಪಾಗಿತ್ತು. ಹುಣಸೆಹಣ್ಣು ಹಾಕಿ ತಿಕ್ಕೋಣ ಅಂತ ಕೈ ತುರಿಸಿತು, ಆದರೆ ಹಳೆ ಕಳೆ ಹೋದರೆ ಮತ್ತೆ ಬರಲ್ಲ ಅಲ್ವಾ? ಬಿಟ್ಟೆ.

ಮ್ಯಾಗಜಿನ್ ಕಟ್‌ಆಫ್ (ಮ್ಯಾಗಜಿನ್‌ನಿಂದ ಗುಂಡು ಮೇಲೆ ಬರದ ಹಾಗೆ ತಡೆಯೋ ತಗಡು) ಹಾಕುವ ಆಸೆ ಕೈಬಿಟ್ಟೆ. 1916ರಲ್ಲಿ ಯುದ್ಧದ ಅವಸರಕ್ಕೆ ಅದನ್ನು ಕಿತ್ತುಹಾಕಿದ ಮಾದರಿಗೇ ಮಾರ್ಕ್ 3*ನ ಆ ನಕ್ಷತ್ರದ ಗುರುತು. ಇನ್ನು ಬಯೊನೆಟ್‌ಗೆ ಚರ್ಮದ ಒರೆ ಹುಡುಕಬೇಕು.