ಎಲ್ಡನ್ ರಿಂಗ್: ಲೆವೆಲ್ 62 ಸಮುರಾಯ್, ಮಾರ್ಗಾಟ್ ಮೂರೇ ಏಟಿಗೆ ಮುಗಿಸ್ತಿದ್ದಾನೆ. ನನ್ನ ಬಿಲ್ಡ್ (ಸ್ಟ್ಯಾಟ್ಸ್, ಆಯುಧಗಳ ಹೊಂದಾಣಿಕೆ) ಎಲ್ಲಿ ತಪ್ಪಿದೆ?

ಮಧ್ಯರಾತ್ರಿ_ಸಮುರಾಯ್

ಎಲ್ಲರಿಗೂ ನಮಸ್ಕಾರ. ನಾಲ್ಕು ದಿನದಿಂದ ಎಲ್ಡನ್ ರಿಂಗ್ ವಿಡಿಯೊ ಗೇಮ್‌ನ ಲೇಂಡೆಲ್ ನಗರದಲ್ಲಿ ಮಾರ್ಗಾಟ್ ಅನ್ನೋ ಬಾಸ್ ಹತ್ರ ಸಿಕ್ಕಿಹಾಕಿಕೊಂಡಿದ್ದೀನಿ. ಲೆಕ್ಕ ಇಟ್ಟಿದ್ದೀನಿ, 31 ಸಲ ಸತ್ತಿದ್ದೀನಿ. ಮೊದಲ ಅರ್ಧ ಹೇಗೋ ದಾಟುತ್ತೆ. ಅವನು ಮಂಡಿಯೂರಿ ಆ ಕಪ್ಪನ್ನೆಲ್ಲ ಕಕ್ಕಿ ಎದ್ದಮೇಲೆ ಹತ್ತು ಸೆಕೆಂಡೂ ನಿಲ್ಲೋಕೆ ಆಗ್ತಿಲ್ಲ. ಕೋಲು ತಪ್ಪಿಸಿಕೊಂಡೆ ಅನ್ನುವಷ್ಟರಲ್ಲಿ ಬೆಳಕಿನ ಸುತ್ತಿಗೆ ಬರುತ್ತೆ, ಆಯಸ್ಸು ತುಂಬೋ ಫ್ಲಾಸ್ಕ್ ಒಂದು ಗುಟುಕು ಕುಡಿಯೋಕೂ ಸಮಯ ಸಿಗಲ್ಲ.

ನನ್ನ ಸ್ಟ್ಯಾಟ್ಸ್ (ಲೆವೆಲ್‌ಗೆ ಒಂದು ಪಾಯಿಂಟ್‌ನಂತೆ ಏರಿಸೋ ಗುಣಗಳು) ಇಲ್ಲಿ ಹಾಕ್ತೀನಿ, ಟ್ಯಾಲಿಸ್ಮನ್ (ತಾಯಿತ) ಎಲ್ಲ ಬಿಚ್ಚಿ ನೋಡಿದ ಲೆಕ್ಕ: ವಿಗರ್ 18, ಮೈಂಡ್ 18, ಎಂಡ್ಯೂರೆನ್ಸ್ 18, ಸ್ಟ್ರೆಂತ್ 20, ಡೆಕ್ಸ್ (ಡೆಕ್ಸ್ಟೆರಿಟಿ, ಕೈಚಳಕ) 22, ಇಂಟೆಲಿಜೆನ್ಸ್ 20, ಫೇಯ್ತ್ 15, ಆರ್ಕೇನ್ 10.

ಆಯುಧಗಳು (+ ಅಂದ್ರೆ ಅಪ್‌ಗ್ರೇಡ್ ಹಂತ): ಉಚಿಗಟಾನಾ +9, ಕ್ಲೇಮೋರ್ +6, ಬ್ಲಡ್‌ಹೌಂಡ್ಸ್ ಫ್ಯಾಂಗ್ +3. ಮೂನ್‌ವೇಲ್ ಕಟಾನಾ ಸಿಕ್ಕಿದೆ, ಆದ್ರೆ ಅದಕ್ಕೆ ಇಂಟೆಲಿಜೆನ್ಸ್ 23 ಬೇಕು, ಅದಕ್ಕೇ ಅಲ್ಲಿ ಪಾಯಿಂಟ್ ಹಾಕ್ತಾ ಇದ್ದೀನಿ. ಫೇಯ್ತ್ 15 ಮಾಡಿದ್ದು ‘ಫ್ಲೇಮ್, ಗ್ರಾಂಟ್ ಮಿ ಸ್ಟ್ರೆಂತ್’ ಮಂತ್ರಕ್ಕೆ. ಕೊರಳಲ್ಲಿ ರಾಡಗಾನ್ಸ್ ಸೋರ್‌ಸೀಲ್ ಟ್ಯಾಲಿಸ್ಮನ್ ಇದೆ.

ಪ್ರತಿ ವಾರ ಒಂದೊಂದು ವಿಡಿಯೊ ನೋಡಿ ‘ಇದೇ ಅತಿ ಬಲಿಷ್ಠ’ ಅಂದದ್ದನ್ನೆಲ್ಲ ಸ್ವಲ್ಪ ಸ್ವಲ್ಪ ಸೇರಿಸಿಕೊಂಡೆ. ರೆನಾಲಾಳನ್ನು ಸೋಲಿಸಿಯಾಗಿದೆ, ಎರಡು ಲಾರ್ವಲ್ ಟಿಯರ್ ಇವೆ; ಒಂದು ಕೊಟ್ಟರೆ ಅವಳ ಹತ್ರ ಪಾಯಿಂಟ್‌ಗಳನ್ನೆಲ್ಲ ಒಂದು ಸಲ ಮತ್ತೆ ಹಂಚಿಕೊಳ್ಳಬಹುದು. ಅವನ್ನು ದುಡುಕಿ ಹಾಳು ಮಾಡೋಕೆ ಮನಸ್ಸಿಲ್ಲ. ಇಲ್ಲಿಂದ ಯಾವ ಬಿಲ್ಡ್‌ಗೆ ಹೋಗ್ಲಿ? ದಯವಿಟ್ಟು ಹೆಸರಷ್ಟೇ ಹೇಳಬೇಡಿ, ಯಾಕೆ ಅಂತಾನೂ ಹೇಳಿ.

ಗುರಾಣಿ_ಹಿಂದೆ

ತಮ್ಮಾ, ಸ್ಟ್ಯಾಟ್ಸ್ ಪೂರ್ತಿ ಕೊಟ್ಟಿದ್ದಕ್ಕೆ ಥ್ಯಾಂಕ್ಸ್. ಮೊದಲ ಆಟದಲ್ಲಿ ನನ್ನದೂ ಹೆಚ್ಚುಕಮ್ಮಿ ಹೀಗೇ ಇತ್ತು, ನಾನೂ ಇದೇ ಊರಲ್ಲಿ ನಿಂತಿದ್ದೆ. ಈಗ ನಾಲ್ಕನೇ ಸಲ ಆಡುತ್ತಿದ್ದೇನೆ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಸಲದ ಲೆಕ್ಕ ಬರೆದಿಟ್ಟಿದ್ದೇನೆ, ಅದನ್ನು ಎದುರಿಗಿಟ್ಟುಕೊಂಡೇ ಬರೆಯುತ್ತೇನೆ.

ಮೊದಲು ವಿಗರ್. 18ಕ್ಕೆ ನಿನ್ನ ಎಚ್‌ಪಿ (ಆಯಸ್ಸು) 600ರ ಆಸುಪಾಸು. 25ಕ್ಕೆ 800, 40ಕ್ಕೆ 1450, 60ಕ್ಕೆ 1900, ಕೊನೆಯ 99ಕ್ಕೆ 2100. ಈ ಏರಿಕೆ ಎಲ್ಲ ಕಡೆ ಒಂದೇ ಸಮ ಇಲ್ಲ, ನೋಡು. 18ರಿಂದ 40ಕ್ಕೆ 22 ಪಾಯಿಂಟ್ ಹಾಕಿದರೆ 850 ಎಚ್‌ಪಿ, ಅಂದರೆ ಪಾಯಿಂಟಿಗೆ ಸುಮಾರು 38. ಅದೇ 60ರಿಂದ 99ಕ್ಕೆ 39 ಪಾಯಿಂಟ್ ಸುರಿದರೂ ಸಿಗೋದು 200. ಇಡೀ ಆಟದಲ್ಲಿ ಪಾಯಿಂಟಿಗೆ ಅತಿ ಹೆಚ್ಚು ಬೆಲೆ ಸಿಗುವ ಜಾಗ 25ರಿಂದ 40. ನೀನು ಅದರ ಬಾಗಿಲಿಗೇ ಹೋಗಿಲ್ಲ. ಅದರ ಮೇಲೆ ಸೋರ್‌ಸೀಲ್ ಬೇರೆ. ಅದು ವಿಗರ್, ಎಂಡ್ಯೂರೆನ್ಸ್, ಸ್ಟ್ರೆಂತ್, ಡೆಕ್ಸ್ ನಾಲ್ಕಕ್ಕೂ ಐದೈದು ಕೊಡುತ್ತೆ ನಿಜ, ಆದರೆ ನೀನು ತಿನ್ನುವ ಪ್ರತಿ ಏಟನ್ನೂ ಶೇ. 15ರಷ್ಟು ಹೆಚ್ಚಿಸುತ್ತೆ. ಲೆವೆಲ್ 25ರಲ್ಲಿ ಅದು ವರ. ಲೇಂಡೆಲ್‌ನಲ್ಲಿ ಬಿಚ್ಚಿಡು.

ಎರಡನೆಯದು ಆಯುಧದ ಹಂತ ಏರಿಸುವ ಕಲ್ಲು. ಇದನ್ನು ಯಾರೂ ಸರಿಯಾಗಿ ಹೇಳೋದಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಬರೀತೀನಿ. ಸಾಮಾನ್ಯ ಆಯುಧಕ್ಕೆ ಪ್ರತಿ ಮೂರು ಹಂತಕ್ಕೆ 2, 4, 6 ಅಂತ ಒಟ್ಟು 12 ಸ್ಮಿತಿಂಗ್ ಸ್ಟೋನ್ ಹೋಗುತ್ತವೆ. ನಿನ್ನ ಉಚಿಗಟಾನಾ +9ಕ್ಕೆ 36 ಹೋಗಿವೆ, ಕ್ಲೇಮೋರ್ +6ಕ್ಕೆ 24. ಒಟ್ಟು 60. ಒಂದೇ ಆಯುಧವನ್ನು +15ಕ್ಕೆ ಒಯ್ಯಲು ಬೇಕಾದದ್ದೂ 60! ಕಲ್ಲಿನ ದರ್ಜೆ ಮೇಲೆ ಹೋದಂತೆ ಬದಲಾಗುತ್ತೆ, ಹಾಗಾಗಿ ಅವೇ ಕಲ್ಲು ಸಾಕಾಗುತ್ತಿರಲಿಲ್ಲ ನಿಜ. ಆದರೂ ನಿನ್ನ ಶ್ರಮ ಎಲ್ಲಿ ಹಂಚಿಹೋಯಿತು ಅಂತ ಇದರಿಂದ ಕಾಣುತ್ತೆ. ಆಯುಧದ ಹಂತ ಏರಿದರೆ ಮೂಲ ಡ್ಯಾಮೇಜ್ ಜೊತೆಗೆ ಸ್ಕೇಲಿಂಗ್ (ಸ್ಟ್ಯಾಟ್ಸ್‌ನಿಂದ ಸಿಗುವ ಹೆಚ್ಚುವರಿ ಡ್ಯಾಮೇಜ್) ಕೂಡ ಏರುತ್ತೆ. ಈ ಮಟ್ಟದಲ್ಲಿ ಡೆಕ್ಸ್‌ಗೆ ಐದು ಪಾಯಿಂಟ್ ಹಾಕೋದಕ್ಕಿಂತ ಕಮ್ಮಾರ ಹ್ಯೂಗ್ ಹತ್ತಿರ ಮೂರು ಸಲ ಸುತ್ತಿಗೆ ಏಟು ಹಾಕಿಸೋದು ಎಷ್ಟೋ ಮೇಲು.

ಫ್ಯಾಂಗ್‌ನಂಥ ವಿಶೇಷ ಆಯುಧಕ್ಕೆ ಸಾಂಬರ್ ಅನ್ನುವ ಬೇರೆ ಕಲ್ಲು ಬೇಕು; ಹಂತಕ್ಕೆ ಒಂದೇ, +10ಕ್ಕೆ ಮುಗಿಯುತ್ತೆ. ಸಾಮಾನ್ಯದ್ದು +25ರವರೆಗೆ. ಹೋಲಿಸಬೇಕಾದರೆ ಸಾಂಬರ್ ಅಂಕಿಯನ್ನು ಎರಡೂವರೆಯಿಂದ ಗುಣಿಸು. ನಿನ್ನ ಫ್ಯಾಂಗ್ +3 ಅಂದರೆ ಹೆಚ್ಚುಕಮ್ಮಿ +7 ಅಥವಾ +8. ಮಾರ್ಗಾಟ್ ಎದುರಿಗೆ ಕನಿಷ್ಠ +6 ಇರಲಿ.

ಆದ್ದರಿಂದ ನನ್ನ ಸಲಹೆ: ಬ್ಲಡ್‌ಹೌಂಡ್ಸ್ ಫ್ಯಾಂಗ್ ಒಂದನ್ನೇ ಹಿಡಿ. ಅದಕ್ಕೆ ಬೇಕಾದ್ದು ಸ್ಟ್ರೆಂತ್ 18, ಡೆಕ್ಸ್ 17. ಸ್ಕೇಲಿಂಗ್ ಡೆಕ್ಸ್ ಕಡೆಗೆ ವಾಲಿದೆ. ಹುಟ್ಟಿನಿಂದಲೇ ಬ್ಲೀಡ್ ಇದೆ (ಏಟುಗಳು ಸೇರಿ ರಕ್ತ ಚಿಮ್ಮಿ ಒಮ್ಮೆಲೇ ದೊಡ್ಡ ಪೆಟ್ಟು), ಮಾರ್ಗಾಟ್‌ಗೆ ಬ್ಲೀಡ್ ತಗಲುತ್ತೆ. ನಿನ್ನ ಒಟ್ಟು 141 ಪಾಯಿಂಟ್‌ಗಳನ್ನು ಹೀಗೆ ಕೂರಿಸು: ವಿಗರ್ 40, ಮೈಂಡ್ 15, ಎಂಡ್ಯೂರೆನ್ಸ್ 20, ಸ್ಟ್ರೆಂತ್ 18, ಡೆಕ್ಸ್ 23. ಉಳಿದ ಮೂರು ಸಮುರಾಯ್ ಹುಟ್ಟಿದಾಗ ಇದ್ದ ಹಾಗೇ 9, 8, 8. ಮೂನ್‌ವೇಲ್ ಮರೆತುಬಿಡು, ಮಂತ್ರವನ್ನೂ ಮರೆತುಬಿಡು. ಬೇಕಾದರೆ ಎರಡನೇ ಟಿಯರ್ ಇದೆ, ಆಮೇಲೆ ನೊಕ್ರಾನ್ ಅನ್ನುವ ನೆಲದಡಿಯ ನಗರದ ಕಡೆ ಇನ್ನಷ್ಟು ಸಿಗುತ್ತವೆ.

ವಿಡಿಯೊ ನೋಡುವಾಗ ಅದರ ತಾರೀಕು ನೋಡು. ಆಟ ಬಂದದ್ದು 2022ರ ಫೆಬ್ರವರಿಯಲ್ಲಿ. ಆ ಮೊದಲ ವಾರಗಳಲ್ಲಿ ಹೋರ್‌ಫ್ರಾಸ್ಟ್ ಸ್ಟಾಂಪ್ ಸ್ಕಿಲ್, ಸ್ವೋರ್ಡ್ ಆಫ್ ನೈಟ್ ಆ್ಯಂಡ್ ಫ್ಲೇಮ್ ಕತ್ತಿ ಎರಡನ್ನೂ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಮಾರ್ಚ್‌ನಲ್ಲಿ ಬಂದ 1.03 ಪ್ಯಾಚ್ ಎರಡರ ಬಲವನ್ನೂ ಇಳಿಸಿತು. ವಿಡಿಯೊಗಳು ಮಾತ್ರ ಹಾಗೇ ಉಳಿದಿವೆ.

ಇನ್ನೊಂದು ಮಾತು, ನನಗೆ ಇದೇ ಮುಖ್ಯ. ಎರಡು ವರ್ಷದ ಹಿಂದೆ ನನ್ನ ಬಲಗೈ ಹೆಬ್ಬೆರಳಿನ ಮೂಳೆ ಬಿರುಕು ಬಿಟ್ಟಿತ್ತು. ಗಾಯ ವಾಸಿಯಾದ ಮೇಲೂ ರೋಲ್ ಬಟನ್ ಪಟಪಟ ಒತ್ತಿದರೆ ಅರ್ಧ ಗಂಟೆಗೆ ನೋವು ಶುರು. ಎರಡು ಕಟಾನಾ ಹಿಡಿದು ಕುಣಿಯುತ್ತಿದ್ದ ಆಟ ಅಲ್ಲಿಗೆ ನಿಂತಿತು. ಮೂರನೇ ಸಲಕ್ಕೆ ಗ್ರೇಟ್‌ಶೀಲ್ಡ್ ಎತ್ತಿಕೊಂಡೆ, ಅದರ ಹಿಂದಿನಿಂದ ಈಟಿ ಚುಚ್ಚುವುದು. ಗುರಾಣಿ ಎತ್ತಿದ ಬೆರಳು ಹಾಗೇ ಇರುತ್ತೆ, ಇನ್ನೊಂದು ಬೆರಳು ನಿಧಾನವಾಗಿ ಒತ್ತಿದರೆ ಸಾಕು. ಮಾರ್ಗಾಟ್ ಕೋಲು ಗುರಾಣಿಗೆ ಠಣ್ ಅಂತ ಬಡಿದಾಗ ಸ್ಟ್ಯಾಮಿನಾದ ಹಸಿರು ಪಟ್ಟಿ ಅರ್ಧಕ್ಕೆ ಇಳಿಯುತ್ತೆ, ಒಂದು ಚುಚ್ಚು, ಗುರಾಣಿ ಇಳಿಸಿ ಉಸಿರು, ಮತ್ತೆ ಎತ್ತು. ಆ ಲಯ ಸಿಕ್ಕಿದ ದಿನ ನನಗೆ ಆದ ಸಂತೋಷ ಇವತ್ತಿಗೂ ನೆನಪಿದೆ. ಆದರೆ ಅದೇ ಬಿಲ್ಡ್ ಮಲೇನಿಯಾ ಅನ್ನುವ ಬಾಸ್ ಎದುರು ಒದ್ದಾಡಿಬಿಟ್ಟಿತು. ಅವಳ ಏಟು ಗುರಾಣಿಗೆ ಬಿದ್ದರೂ ಅವಳ ಆಯಸ್ಸು ತುಂಬಿಕೊಳ್ಳುತ್ತೆ.

ಹಾಗಾಗಿ ಫ್ಯಾಂಗ್ ಹಿಡಿದು ಒಂದು ಗಂಟೆ ಸುಮ್ಮನೆ ಸೈನಿಕರ ಮೇಲೆ ಬೀಸಿ ನೋಡು. ಕಟಾನಾಗಿಂತ ನಿಧಾನ. ಕೈಗೆ ಒಗ್ಗದಿದ್ದರೆ ಉಚಿಗಟಾನಾವನ್ನೇ +15 ಮಾಡು, ಸ್ಟ್ರೆಂತ್ 12ಕ್ಕೆ ಇಳಿಸಿ ಉಳಿದದ್ದನ್ನು ಡೆಕ್ಸ್‌ಗೆ ಹಾಕು. ಅದೂ ಗೆಲ್ಲುತ್ತೆ.

ನೀಲಿ_ಹರಳು

ಗುರಾಣಿಯಣ್ಣ ಹೇಳಿದ್ದು ಕತ್ತಿ ಹಿಡಿಯೋರಿಗೆ ಪೂರ್ತಿ ಸರಿ. ಮಾಂತ್ರಿಕರಿಗೆ ಒಂದು ತಿದ್ದುಪಡಿ ಬೇಕು, ಯಾಕಂದ್ರೆ ಇದನ್ನು ಓದಿ ಹೊಸಬರು ಲೆವೆಲ್ 60ಕ್ಕೇ ವಿಗರ್ 40 ಮಾಡಿದರೆ ಇಂಟೆಲಿಜೆನ್ಸ್‌ಗೆ ಏನೂ ಉಳಿಯಲ್ಲ. ನಾನು ಆಸ್ಟ್ರಾಲಜರ್ ಆಗಿ ಶುರು ಮಾಡಿದ್ದು, ಅವಳಿಗೆ ಇಂಟೆಲಿಜೆನ್ಸ್ 16 ಇರುತ್ತೆ. ಎರಡೇ ಲೆವೆಲ್ ಏರಿಸಿದರೆ 18. ಅಷ್ಟಕ್ಕೆ ಮೀಟಿಯೊರೈಟ್ ಸ್ಟಾಫ್ ಅನ್ನೋ ಮಂತ್ರದ ಕೋಲು ಹಿಡಿಯಬಹುದು, ರಾಕ್ ಸ್ಲಿಂಗ್ ಮಂತ್ರ ಬಿಡಬಹುದು. ಎರಡೂ ಕೇಲಿಡ್ ಪ್ರಾಂತ್ಯದ ಎಯೋನಿಯಾ ಜೌಗಿನ ಹತ್ತಿರದ ಪಾಳುಬಿದ್ದ ಕಟ್ಟಡಗಳಲ್ಲೇ ಇವೆ. ಕುದುರೆ ಓಡಿಸಿಕೊಂಡು ಹೋಗಿ ಎತ್ತಿಕೊಂಡು ಬಂದೆ, ಒಬ್ಬ ಶತ್ರುವನ್ನೂ ಮುಟ್ಟಲಿಲ್ಲ. ಆ ಕೋಲಿಗೆ ಅಪ್‌ಗ್ರೇಡೇ ಇಲ್ಲ, ಸಿಕ್ಕಿದಾಗಲೇ ಅತಿ ಮೇಲಿನ ಎಸ್ ದರ್ಜೆಯ ಸ್ಕೇಲಿಂಗ್. ಒಂದು ಕಲ್ಲೂ ಖರ್ಚಿಲ್ಲ.

ನನ್ನ ಮಾರ್ಗಾಟ್ ಸತ್ತಾಗ ನನ್ನ ವಿಗರ್ 25 ಅಷ್ಟೇ. ದೂರ ಇರೋದೇ ನಮಗೆ ಗುರಾಣಿ. ರಾಕ್ ಸ್ಲಿಂಗ್ ಕಲ್ಲುಗಳ ಡ್ಯಾಮೇಜ್ ಫಿಸಿಕಲ್, ಹಾಗಾಗಿ ಮಾಂತ್ರಿಕ ಏಟಿಗೆ ಬಗ್ಗದ ಶತ್ರುಗಳ ಮೇಲೂ ಕೆಲಸ ಮಾಡುತ್ತೆ.

ಸಮುರಾಯ್, ನಿನಗೆ ಮೂನ್‌ವೇಲ್ ಮೇಲೆ ನಿಜವಾಗಲೂ ಮನಸ್ಸಿದ್ದರೆ ಅದನ್ನೇ ಕೇಂದ್ರ ಮಾಡಿಕೊಂಡು ಇಂಟೆಲಿಜೆನ್ಸ್ 40 ಕಡೆಗೆ ನಡಿ. ಅರ್ಧಂಬರ್ಧ 23ಕ್ಕೆ ನಿಲ್ಲಿಸಬೇಡ.

ಗುರಾಣಿ_ಹಿಂದೆ

ಹರಳು, ಒಪ್ಪಿದೆ. ದೂರದಿಂದ ಹೊಡೆಯುವವರ ಲೆಕ್ಕವೇ ಬೇರೆ, ನಾನು ಅದನ್ನು ಬರೆಯಬೇಕಿತ್ತು. ಆದರೂ 25ಕ್ಕಿಂತ ಕೆಳಗೆ ಮಾತ್ರ ಯಾರೂ ಇರಬೇಡಿ.

ಸಮುರಾಯ್, ಒಂದು ಮರೆತೆ. ಚೀಲದಲ್ಲಿ ಸಾಂಬರ್ 5, 6 ಬಿದ್ದಿವೆಯಾ ನೋಡು. ಎಷ್ಟೋ ಜನರಿಗೆ ನಡುವಿನ ಒಂದು ದರ್ಜೆ ಸಿಗದೆ ಮೇಲಿನವು ಸುಮ್ಮನೆ ಕೂತಿರುತ್ತವೆ. 3 ಮತ್ತು 4 ಬೇಕಾದರೆ ಆಲ್ಟಸ್ ಟನಲ್‌ಗೆ ಹೋಗು. ಅಲ್ಲಿನ ಇಬ್ಬರು ಕ್ರಿಸ್ಟಲಿಯನ್‌ಗಳನ್ನು (ಹರಳಿನ ಮೈಯ ಬಾಸ್‌ಗಳು) ಬೀಳಿಸಿದರೆ ಬೆಲ್ ಬೇರಿಂಗ್ ಸಿಗುತ್ತೆ, ರೌಂಡ್‌ಟೇಬಲ್‌ನ ಅವಳಿ ಮುದುಕಿಯರಿಗೆ ಕೊಟ್ಟರೆ ಆ ಎರಡು ದರ್ಜೆ ಬೇಕಾದಷ್ಟು ಕೊಳ್ಳಬಹುದು. ಒಂದು ಎಚ್ಚರಿಕೆ: ಕ್ರಿಸ್ಟಲಿಯನ್‌ಗಳಿಗೆ ರಕ್ತವೇ ಇಲ್ಲ, ಬ್ಲೀಡ್ ತಗಲಲ್ಲ. ಭಾರಿ ಏಟು ಹಾಕಿ ಮೊದಲು ಅವರ ನಿಲುವು ಮುರಿಯಬೇಕು, ಅಲ್ಲಿವರೆಗೆ ಕತ್ತಿ ಬರೀ ಗೀಚುತ್ತೆ.

ಮಧ್ಯರಾತ್ರಿ_ಸಮುರಾಯ್

ಮೂರು ದಿನ ಆದಮೇಲೆ ಬರೀತಿದ್ದೀನಿ. ಮಾರ್ಗಾಟ್ ಬಿದ್ದ!

ಗುರಾಣಿಯಣ್ಣ, ನೀವು ಹೇಳಿದ ಹಾಗೇ ಚೀಲ ನೋಡಿದೆ. ಸಾಂಬರ್ 5 ಎರಡು, 6 ಒಂದು ಇತ್ತು. 4 ಇಲ್ಲ ಅಂತ ಇಷ್ಟು ದಿನ +3ರಲ್ಲೇ ನಿಂತಿದ್ದೆ. ಟನಲ್‌ಗೆ ಹೋದೆ. ಅಲ್ಲಿ ಕೈ ಹಿಡಿದದ್ದು ಕ್ಲೇಮೋರ್: ಎರಡೂ ಕೈಯಲ್ಲಿ ಹಿಡಿದು ಹಾರಿ ಹಾರಿ ಭಾರದ ಏಟು ಹಾಕಿದೆ. ಈಟಿ ಹಿಡಿದವನು ನಾಲ್ಕನೇ ಹಾರಿಕೆಗೆ ಮಂಡಿಯೂರಿದ, ಅಲ್ಲಿಂದ ಪ್ರತಿ ಏಟೂ ನೆಟ್ಟಗೆ ಬಿತ್ತು. ಒಂದು 4 ಕೊಂಡು ಅವತ್ತೇ ಫ್ಯಾಂಗ್ +6 ಮಾಡಿಸಿದೆ.

ರೆನಾಲಾ ಹತ್ರ ನೀವು ಕೊಟ್ಟ ಅಂಕಿಗಳನ್ನೇ ಕೂರಿಸಿದೆ. ಸೋರ್‌ಸೀಲ್ ಬಿಚ್ಚಿದೆ. ಎಚ್‌ಪಿ ಪಟ್ಟಿ ಪರದೆಯಲ್ಲಿ ಅಷ್ಟುದ್ದ ಚಾಚಿಕೊಂಡಿದ್ದು ನೋಡಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಮೊದಲ ನಾಲ್ಕು ಸಲ ಮತ್ತೆ ಸತ್ತೆ, ಫ್ಯಾಂಗ್ ಬೀಸೋಕೆ ತಗೊಳ್ಳೋ ಸಮಯ ಇನ್ನೂ ಕೈಗೆ ಬಂದಿರಲಿಲ್ಲ. ಆರನೇ ಸಲ ಅವನು ಕೋಲೆತ್ತಿ, ಆ ಒಂದು ಕ್ಷಣ ಸುಮ್ಮನೆ ತಡೀತಾನಲ್ಲ, ಅದಕ್ಕೆ ನಾನು ಬೇಗ ಉರುಳಿಬಿಟ್ಟೆ. ಏಟು ಪೂರ್ತಿ ತಿಂದೆ. ಹಿಂದೆಲ್ಲ ಅಲ್ಲಿಗೆ ಕಥೆ ಮುಗೀತಿತ್ತು. ಈ ಸಲ ಪಟ್ಟಿ ಅರ್ಧಕ್ಕಿಂತ ಮೇಲೇ ನಿಂತಿತ್ತು! ಎದ್ದು, ಫ್ಯಾಂಗಿನ ಸ್ಕಿಲ್ ಬಿಟ್ಟೆ. ಮೇಲಕ್ಕೆ ಸೀಳಿ ಹಿಂದಕ್ಕೆ ಹಾರುತ್ತಲ್ಲ, ಆ ಹಾರಿಕೆಯಲ್ಲೇ ಸುತ್ತಿಗೆ ತಪ್ಪಿತು. ದೂರ ಇಳಿದು ಫ್ಲಾಸ್ಕ್ ಕುಡಿದೆ. ಎರಡು ಏಟಿನ ನಂತರ ಬ್ಲೀಡ್ ಚಿಮ್ಮಿ ಅವನ ಪಟ್ಟಿ ಒಂದೇ ಸಲ ಜಾರಿತು.

ನೀಲಿ_ಹರಳು, ಮೂನ್‌ವೇಲ್ ಪೆಟ್ಟಿಗೆಯಲ್ಲಿ ಇಟ್ಟಿದ್ದೀನಿ. ಮುಂದಿನ ಸಲ ಆಸ್ಟ್ರಾಲಜರ್ ಆಗಿಯೇ ಶುರು ಮಾಡ್ತೀನಿ, ಆಗ ನಿಮ್ಮನ್ನ ಕೇಳ್ತೀನಿ.

ಈಗ ಹಿಮದ ಬೆಟ್ಟದ ದಾರಿ. ಇಲ್ಲಿಂದ ಬರೋ ಲೆವೆಲ್‌ಗಳನ್ನೆಲ್ಲ ಡೆಕ್ಸ್‌ಗೆ ಹಾಕ್ಲಾ?

ಗುರಾಣಿ_ಹಿಂದೆ

ಭೇಷ್! ಕ್ಲೇಮೋರ್ ಕೆಲಸಕ್ಕೆ ಬಂದದ್ದು ಕೇಳಿ ತುಂಬಾ ಖುಷಿಯಾಯಿತು.

ಮೊದಲ ಹತ್ತು ಲೆವೆಲ್ ಡೆಕ್ಸ್‌ಗೆ ಹಾಕು. ಬೆಟ್ಟದ ಮೇಲೆ ಏಟುಗಳ ತೂಕ ಒಮ್ಮೆಲೇ ಏರುತ್ತೆ, ಆಗ ಮತ್ತೆ ವಿಗರ್ ಕಡೆ ತಿರುಗಿ 50 ಮಾಡು, ಕೊನೆಗೆ 60. ಕೊನೆಯ ಎಲ್ಡನ್ ಬೀಸ್ಟ್‌ಗೆ ಬ್ಲೀಡ್ ಸ್ವಲ್ಪವೂ ತಗಲಲ್ಲ, ಅಷ್ಟರೊಳಗೆ ಫ್ಯಾಂಗ್ +10 ಆಗಿರಲಿ. ಆ ಕೊನೆಯ ಹಂತಕ್ಕೆ ಸಾಂಬರ್ ಏನ್ಶಿಯೆಂಟ್ ಡ್ರ್ಯಾಗನ್ ಕಲ್ಲು ಬೇಕು. ಸಿಕ್ಕಿದ ಮೊದಲನೆಯದನ್ನು ಬೇರೆ ಯಾವುದಕ್ಕೂ ಹಾಕಬೇಡ.