ಮರು: ‘ವಾಟರ್‌ಪ್ರೂಫಿಂಗ್’ಗೆ ಕನ್ನಡ ಪದ ಬೇಕು, ತುರ್ತು (ತೋಟದ ತಡೆಗೋಡೆ, ಕಲಬುರಗಿ)

> ತೋಟದ ಹಳೇ ತಡೆಗೋಡೆಗೆ ವಾಟರ್‌ಪ್ರೂಫಿಂಗ್ ಮಾಡುವ ಕೈಪಿಡಿ ಅನುವಾದಿಸುತ್ತಿದ್ದೇನೆ. ಕಲಬುರಗಿಯಲ್ಲಿ ಗೌಂಡಿಗಳಿಗೆ (ಗೋಡೆ ಕಟ್ಟುವವರಿಗೆ) ಹಂಚಲು. ನಾಳೆ ಪ್ರೆಸ್‌ಗೆ ಕೊಡಬೇಕು. ‘ಜಲನಿರೋಧಕ ಲೇಪನ’ ನಡೆಯುತ್ತಾ?

ನಡೆಯಲ್ಲ. ಅದನ್ನು ಓದಿದವರು ಡಬ್ಬಿ ಬಣ್ಣ ತಂದು ಗೋಡೆಯ ಮುಂಭಾಗಕ್ಕೆ ಬಳಿಯುತ್ತಾರೆ. ನೀರು ಬರೋದು ಗೋಡೆ ತಡೆದು ಹಿಡಿದಿರುವ ಹಿಂದಿನ ಮಣ್ಣಿನಿಂದ ಅಲ್ವಾ? ಆ ಒತ್ತಡಕ್ಕೆ ಮುಂದೆ ಬಳಿದ ಬಣ್ಣ ಉಬ್ಬಿ ಕಿತ್ತು ಬರುತ್ತದೆ. ಅದರಲ್ಲೂ ಕಲಬುರಗಿಯದು ಕಪ್ಪು ಎರೆಮಣ್ಣು. ನೆನೆದರೆ ಉಬ್ಬಿ ಗೋಡೆಯನ್ನು ದೂಡುತ್ತದೆ. ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಮುಂದಿನ ಮಳೆಗೆ ಆ ಬಿರುಕಿನಲ್ಲೇ ನೀರು ಇಳಿಯುತ್ತದೆ.

ಹಾಗಾಗಿ ಒಂದೇ ಪದದಲ್ಲಿ ಮುಗಿಸಬೇಡಿ. ಇಲ್ಲಿ ಕೆಲಸ ಎರಡು: ನೀರು ತಡೆಯೋದು, ನೀರು ಬಸಿಯೋದು. ಹಿಂದಿನ ಮಣ್ಣು ಬಗೆದು, ಗೋಡೆಯ ಆ ಬದಿಗೆ ಡಾಂಬರಿನದೋ ಸಿಮೆಂಟಿನದೋ ಲೇಪ ಹಚ್ಚುತ್ತಾರಲ್ಲ, ಅದು ‘ನೀರ್ತಡೆ ಲೇಪ’. ಬುಡದಲ್ಲಿ ತೂತಿನ ಪೈಪು ಇಟ್ಟು, ಖಡಿ (ಜಲ್ಲಿ) ತುಂಬಿ, ಮಣ್ಣು ಸೋಸುವ ಬಟ್ಟೆ ಹಾಸೋದು ‘ಬಸಿಪದರ’. ಗೋಡೆಯಲ್ಲಿ ನೀರು ಹೊರಬರಲು ಬಿಡುವುದು ‘ಬಸಿತೂತು’.

‘ಬಸಿ’ ಬಗ್ಗೆ ಸ್ವಲ್ಪ ಜಾಸ್ತಿ ಹೇಳಲೇಬೇಕು. ಅನ್ನ ಬಸಿಯುತ್ತೇವೆ. ಹಳೇ ಮೈಸೂರಿನವರ ಬಸ್ಸಾರು ಅಂದರೆ ಬಸಿದ ಸಾರು. ಸುರಪುರ, ಶಹಾಪುರದ ಕಡೆ ಕಾಲುವೆ ನೀರಿಗೆ ಜವುಳಾದ ಹೊಲಕ್ಕೆ ಬಸಿಗಾಲುವೆ ತೋಡುತ್ತಾರೆ. ಎಲ್ಲ ಕಡೆಯೂ ಇದು ಬೇಕೆಂದೇ ಮಾಡುವ ಕೆಲಸ. ‘ಸೋರು’, ‘ಜಿನುಗು’, ‘ಒಸರು’ ಹಾಗಲ್ಲ, ಅವು ತಾವಾಗೇ ಆಗುವಂಥವು. ಕೈಪಿಡಿಯಲ್ಲಿ ‘ಸೋರುರಂಧ್ರ’ ಅಂತ ಬರೆದರೆ ಓದಿದವರು ಅದನ್ನು ದೋಷ ಅಂದುಕೊಂಡು ಸಿಮೆಂಟ್ ಮೆತ್ತುತ್ತಾರೆ. ಗೋಡೆಯ ಹಿಂದೆ ನೀರು ನಿಂತರೆ ಗೋಡೆಯೇ ವಾಲುತ್ತದೆ.

> ಫರ್ಸಿ (ಹಾಸುಗಲ್ಲು), ಗಿಲಾವ್ (ಗೋಡೆಗೆ ಮೆತ್ತುವ ಗಾರೆ), ಗೌಂಡಿ ಯಾವುದೂ ಕನ್ನಡವಲ್ಲ. ಮೊದಲು ಅವನ್ನು ತೆಗೆಯಿರಿ.

ತೆಗೆಯಬೇಡಿ. ‘ಫರ್ಸಿ’ ಅರಬಿಯ ‘ಫರ್ಶ್’ನಿಂದ ಫಾರಸಿ ಮೂಲಕ ಬಂತು, ‘ಗೌಂಡಿ’ ಮರಾಠಿಯಲ್ಲೂ ಇದೆ. ಗೊತ್ತಿರುವ ವಿಷಯ. ಬಹಮನಿಗಳು 1347ರಲ್ಲಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡಾಗಿನಿಂದ ಫಾರಸಿ ಇಲ್ಲಿನ ಮಾತಿನೊಳಗೆ ಬಂದಿದೆ. ನಿಜಾಮರ ಕಾಲದ ಉರ್ದು 1948ರವರೆಗೆ ಕಚೇರಿಯಲ್ಲಿತ್ತು. ಶಹಾಬಾದ್ ಕಲ್ಲನ್ನು ಗಣಿಯಿಂದ ಎತ್ತಿ, ಕಡಿದು, ಮನೆಮನೆಗೆ ಹಾಸಿದವರ ಬಾಯಲ್ಲಿ ಅದು ಫರ್ಸಿಯೇ. ಅವರ ಮಾತು ಕನ್ನಡವಲ್ಲ ಅನ್ನೋಕೆ ನಾವ್ಯಾರು? ಬೇರು ನೋಡಿ ಹೊರಗೆ ಹಾಕೋದಾದರೆ ‘ಜಲನಿರೋಧಕ’ ಪೂರ್ತಿ ಸಂಸ್ಕೃತ. ಅದಕ್ಕೆ ಈ ಮೇಲಿಂಗ್ ಪಟ್ಟಿಯಲ್ಲಿ ಒಬ್ಬರೂ ತಕರಾರು ಎತ್ತಲಿಲ್ಲ. ಸಂಸ್ಕೃತ ಬಂದರೆ ಸಂಪತ್ತು, ಉರ್ದು ಬಂದರೆ ಕಲಬೆರಕೆ ಅನ್ನುವ ಲೆಕ್ಕವನ್ನು ನಾನು ಒಪ್ಪಲ್ಲ.

‘ವಾಟರ್‌ಪ್ರೂಫಿಂಗ್’ ಬಗ್ಗೆಯೂ ನನ್ನದು ಅದೇ ಮಾತು. ಅಂಗಡಿಯಲ್ಲಿ ಜನ ಕೇಳೋದು ಅದನ್ನೇ. ತಲೆಬರಹದಲ್ಲಿ ಧಾರಾಳವಾಗಿ ಇಡಿ: ‘ತೋಟದ ತಡೆಗೋಡೆಗೆ ವಾಟರ್‌ಪ್ರೂಫಿಂಗ್: ತಡೆಯುವುದು, ಬಸಿಯುವುದು’. ಒಳಗೆ ಕೆಲಸ ವಿವರಿಸುವಾಗ ಮೇಲಿನ ಮೂರು ಪದ ಬಳಸಿ. ‘ತೇವಾಂಶ’ ಬಂದ ಕಡೆ ‘ಹಸಿ’ ಹಾಕಿ. ‘ಗೋಡೆಗೆ ಹಸಿ ಹಿಡಿದಿದೆ’ ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ.

ಹಿಂದೆ ಮಣ್ಣು ಬಗೆಯಲು ಜಾಗವಿಲ್ಲದಿದ್ದರೆ ಮುಂಭಾಗಕ್ಕೇ ಸಿಮೆಂಟಿನ ಲೇಪ ಹಚ್ಚುವ ವಿಧಾನವೂ ಇದೆ. ಕೈಪಿಡಿಯಲ್ಲಿ ಆ ಪುಟ ಇದ್ದರೆ, ‘ಬಸಿತೂತು ಮುಚ್ಚಬೇಡಿ’ ಅನ್ನೋದನ್ನು ದಪ್ಪಕ್ಷರದಲ್ಲಿ ಸೇರಿಸಿ.