ಸಹಾಯ ಬೇಕು: ಮರುಪೂರಣದ ಮಾಡೆಲ್‌ನಲ್ಲಿ ಉಪ್ಪು ನೀರಿನ ಗಡಿ ಮಸುಕಾಗುತ್ತಿದೆ

ಅಂತರ್ಜಲ ಮಾಡೆಲಿಂಗ್ ಗೊತ್ತಿರುವವರು ದಯವಿಟ್ಟು ನೋಡಿ. ಸಮುದ್ರದ ಪಕ್ಕದ ಮರಳು ಪದರಕ್ಕೆ ಬಾವಿಗಳಿಂದ ಸಿಹಿನೀರು ಇಳಿಸಿದರೆ ಉಪ್ಪು ನೀರು ಎಷ್ಟು ಹಿಂದೆ ಸರಿಯುತ್ತದೆ ಅಂತ ಸೀವಾಟ್‌ನಲ್ಲಿ (ನೀರಿನ ಸಾಂದ್ರತೆಯ ವ್ಯತ್ಯಾಸವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಅಂತರ್ಜಲ ಸಾಫ್ಟ್‌ವೇರ್) ಲೆಕ್ಕ ಹಾಕುತ್ತಿದ್ದೇನೆ. ಸಮುದ್ರದ ನೀರಿನ ಸಾಂದ್ರತೆ ಘನ ಮೀಟರ್‌ಗೆ 1025 ಕೆಜಿ, ಸಿಹಿನೀರಿನದು 1000. ಇಷ್ಟು ಚಿಕ್ಕ ವ್ಯತ್ಯಾಸ, ಆದರೂ ಸಿಹಿನೀರಿನ ಮಟ್ಟ ಸಮುದ್ರಕ್ಕಿಂತ 1 ಮೀಟರ್ ಮೇಲಿದ್ದರೆ ಸಾಕು, ಕೆಳಗೆ ಸುಮಾರು 40 ಮೀಟರ್ ಆಳದವರೆಗೆ ಸಿಹಿನೀರೇ ನಿಲ್ಲುತ್ತದೆ ಅಲ್ವಾ. ಅದಕ್ಕೇ ಈ ಲೆಕ್ಕ ಸರಿಯಾಗಿ ಬರಲೇಬೇಕು.

ಎರಡು ನೀರು ಸೇರುವ ಪಟ್ಟಿ ನನ್ನಲ್ಲಿ ತುಂಬಾ ಅಗಲವಾಗಿ ಬರುತ್ತಿದೆ. ಸೆಲ್ (ಮಾಡೆಲ್‌ನ ಗ್ರಿಡ್‌ನ ಒಂದು ಚೌಕ) ಅಗಲ 20 ಮೀಟರ್, ಡಿಸ್ಪರ್ಸಿವಿಟಿ (ಹರಿಯುವಾಗ ಉಪ್ಪು ಎಷ್ಟು ಹರಡಿ ಬೆರೆಯುತ್ತದೆ ಅನ್ನುವ ಅಳತೆ) 1 ಮೀಟರ್, ಅಂದರೆ ಇವೆರಡರ ಅನುಪಾತವಾದ ಪೆಕ್ಲೆ ಸಂಖ್ಯೆ 20. ಸಾಮಾನ್ಯವಾಗಿ 2ರಿಂದ 4ರ ಒಳಗೆ ಇಡಿ ಅಂತಾರೆ. ಡಿಸ್ಪರ್ಸಿವಿಟಿ ಏರಿಸಿದರೆ ಲೆಕ್ಕ ಸಲೀಸು, ಆದರೆ ನೆಲದಲ್ಲಿ ಇಲ್ಲದ ಬೆರಕೆಯನ್ನು ಸುಮ್ನೆ ತುಂಬಿದಂತಾಗುತ್ತದೆ, ಅದು ನನಗೆ ಬೇಡ. ಎಲ್ಲಾ ಸೆಲ್ ಚಿಕ್ಕದು ಮಾಡಿದರೆ ರನ್ ಮುಗಿಯುವುದೇ ಇಲ್ಲ. ಗಡಿಯನ್ನು ಮಸುಕಾಗಿಸದೆ ಲೆಕ್ಕ ಹಾಕುವ ಟಿವಿಡಿ ಸ್ಕೀಮ್ ಹಾಕಿದರೆ ಟೈಮ್ ಸ್ಟೆಪ್ ತೀರಾ ಚಿಕ್ಕದಾಗುತ್ತದೆ.

ಬಾವಿ ಮತ್ತು ಗಡಿಯ ಹತ್ತಿರ ಮಾತ್ರ ಗ್ರಿಡ್ ಸಣ್ಣ ಮಾಡಲು ಮಾಡ್‌ಫ್ಲೋ 6 ಅನ್ನುವ ಇನ್ನೊಂದು ಅಂತರ್ಜಲ ಸಾಫ್ಟ್‌ವೇರ್‌ಗೆ ಹೋಗುವುದು ಒಳ್ಳೆಯದಾ? ಇನ್ನೊಂದು, ಸಮುದ್ರದ ಕಡೆ ಎಲ್ಲಾ ಸೆಲ್‌ಗೂ ಲೀಟರ್‌ಗೆ 35 ಗ್ರಾಂ ಉಪ್ಪು ಅಂತ ಬದಲಾಗದಂತೆ ಕಟ್ಟಿಹಾಕಿದ್ದೇನೆ, ಮೇಲ್ಭಾಗದಲ್ಲಿ ಸಿಹಿನೀರು ಹೊರಗೆ ಹೋಗುವ ಜಾಗಕ್ಕೂ. ಒಳಗೆ ಬರುವ ನೀರಿಗೆ ಮಾತ್ರ ಉಪ್ಪು ಕೊಡಬೇಕಾ? ಮಾಡಿ ನೋಡಿದವರು ನಿಮ್ಮ ಸೆಟ್ಟಿಂಗ್ ಹೇಳಿದರೆ ತುಂಬಾ ಉಪಕಾರವಾಗುತ್ತದೆ.